ಶ್ರೀನಿವಾಸಪುರವನ್ನು ಆಟಕ್ಕೆ ಕರೆಯಲು ಹೋದದ್ದು

ಹೊರಡುವ ದಿನ ಬೆಳಿಗ್ಗೆ ಮಾಡಿದ ಕೆಲಸಗಳು ಇವು. ಬಾವಿಯಿಂದ ಎಂಟು ಕೊಡ ನೀರು ಸೇದಿ ಹಂಡೆ ತುಂಬಿಸಿದೆ. ಮಂಡಿಯ ಬಾಗಿಲು ತೆಗೆಸಿ ಅಂಗಳ ಗುಡಿಸಿಸಿದೆ. ತಕ್ಕಡಿಯ ಸರಪಳಿಗೆ ಅಂಟಿದ್ದ ಹುಣಸೆ ಜಿಗಟನ್ನು ಬಿಸಿನೀರು ಹಾಕಿ ತೊಳೆದೆ. ಇಲಿ ಕಡಿದಿದ್ದ ನಾಲ್ಕು ಗೋಣಿಚೀಲಕ್ಕೆ ತೇಪೆ ಹಾಕಿದೆ. ಹಸುವಿಗೆ ಹಿಂಡಿ ಕಲಸಿಟ್ಟೆ. ಕ್ಷೌರ ಮಾಡಿಸಿಕೊಂಡೆ. ಸೀಮೆಎಣ್ಣೆಯ ಚೀಟಿಯನ್ನು ಹುಡುಕಿ ನಮ್ಮಾಕೆಯ ಕೈಗೆ ಕೊಟ್ಟೆ. ಅವಳು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬುತ್ತಿ ಕಟ್ಟಿಕೊಟ್ಟಳು. ಗಂಟು ಕೈಗೆ ಕೊಡುವಾಗ, "ಬಯ್ಯಣ್ಣನೋರ ಮನೇಲಿ ಏನು ಹೇಳ್ತೀರಿ ಅಂತ ಈಗ್ಲೇ ಯೋಚ್ನೆ ಮಾಡ್ಕೊಳ್ಳಿ. ಅಲ್ಲಿ ಹೋಗಿ ತಡವರಿಸ್ಬೇಡಿ" ಅಂದಳು.

ಹೋಗಬೇಕಿದ್ದದ್ದು ಮೂರು ಊರಿಗೆ. ಮೊದಲು ಮಾಲೂರು, ಆಮೇಲೆ ಮುಳಬಾಗಿಲು, ಕೊನೆಗೆ ಶ್ರೀನಿವಾಸಪುರ. ಯುದ್ಧ ಶುರುವಾಗಿ ಮೂರು ವರ್ಷ ದಾಟಿತ್ತು. ಸಂಕ್ರಾಂತಿ ಕಳೆದು ಹತ್ತು ದಿನವಾಗಿತ್ತು, ಕೋಲಾರದಲ್ಲಿ ಬೆಳಗಿನ ಚಳಿ ಇನ್ನೂ ಹಲ್ಲು ಕಟಕಟ ಅನ್ನಿಸುತ್ತಿತ್ತು. ಜೊತೆಗೆ ಬಂದವರು ನಮ್ಮೂರ ಸ್ಕೂಲಿನ ಡ್ರಿಲ್ ಮೇಷ್ಟ್ರು ಗೋಪಾಲ ನಾಯ್ಡು.

ಯಾಕೆ ಹೋಗಬೇಕಾಯಿತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹುಣಸೆಹಣ್ಣಿನ ಮಂಡಿಯವನು. ನಮ್ಮ ಮಂಡಿಯ ಅಂಗಳದಲ್ಲಿ ವರ್ಷಕ್ಕೊಮ್ಮೆ ನಾಲ್ಕೂ ಊರಿನ ಸ್ಕೂಲು ಹುಡುಗರ ಚೆಡುಗುಡು ಪಂದ್ಯ ನಡೆಯುತ್ತಿತ್ತು. ಅದನ್ನು ಶುರು ಮಾಡಿದವರು ನಾನು ಮತ್ತು ನಾಯ್ಡು ಮೇಷ್ಟ್ರು. ಅವರಿಗೆ ಆಟ ಬೇಕಿತ್ತು, ನನಗೆ ಗಾಡಿಗಳು ಬೇಕಿದ್ದವು. ಹಣ್ಣಿನ ಕಾಲಕ್ಕೆ ಗಾಡಿಗಳು ಹೇಗೂ ಕೋಲಾರಕ್ಕೆ ಬರುತ್ತವೆ. ಹುಡುಗರು ಚೀಲದ ಮೇಲೆ ಕೂತು ಬಂದರೆ ಬಸ್ಸಿನ ಖರ್ಚಿಲ್ಲ, ಮಗ ಆಡುವ ಅಂಗಳ ಬಿಟ್ಟು ಅಪ್ಪ ಬೇರೆ ಮಂಡಿಗೆ ಹೋಗುವುದೂ ಇಲ್ಲ. ಗಾಡಿಗಳನ್ನು ಸುತ್ತ ನಿಲ್ಲಿಸಿ ಮಧ್ಯೆ ಗೆರೆ ಎಳೆಯುತ್ತಿದ್ದೆವು. ಮಾಲೂರಿನವರು ಹುಡುಗರಿಗೆ ಬನಿಯನ್ ಕೊಡುತ್ತಿದ್ದರು, ಮುಳಬಾಗಿಲಿನವರು ಪುರಿ ಕಡಲೆ, ನಾನು ನೀರುಮಜ್ಜಿಗೆ. ಹುಡುಗರು ಉಸಿರು ಕಟ್ಟಿ ಆಡುತ್ತಿದ್ದರೆ ದೊಡ್ಡವರು ಗಾಡಿಯ ನೆರಳಲ್ಲಿ ಕೂತು, ಟವಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು, ಬಾಯಿಬಿಡದೆ ದರ ಮುಗಿಸುತ್ತಿದ್ದೆವು. ಐದು ವರ್ಷ ಹೀಗೆ ನಡೆಯಿತು. ಶ್ರೀನಿವಾಸಪುರದ ಬಯ್ಯಣ್ಣ ತಮ್ಮ ಮಗ ನಾಗರಾಜನ ಆಟ ನೋಡಲು ಬಂದವರು ನಮ್ಮ ಮಂಡಿಗೇ ಒಗ್ಗಿಕೊಂಡರು. ಅವರ ಹಿಂದೆ ಸುತ್ತಿನ ಹಳ್ಳಿಯವರೆಲ್ಲ ಬಂದರು.

ಹೋದ ವರ್ಷ ಆ ನಾಗರಾಜ ಆಡುವಾಗ ಬಿದ್ದು ಮೊಣಕಾಲು ತರಚಿಕೊಂಡ. ತರಚಿದ್ದಲ್ಲ, ಒಂದು ಕಲ್ಲು ಚುಚ್ಚಿ ಒಳಗೇ ಇಳಿದಿತ್ತು. ಬಯ್ಯಣ್ಣ ಆಚೆ ತೂಕದ ಹತ್ತಿರ ಇದ್ದರು. ಆಸ್ಪತ್ರೆ ಅರ್ಧ ಮೈಲಿ. ನಾನು ವ್ಯಾಪಾರದ ಮಧ್ಯೆ ಎದ್ದು ಬಂದು, ಹತ್ತಿರದ ಗಾಡಿಯ ಅಚ್ಚಿನ ಬಳಿ ತೂಗುಹಾಕಿದ್ದ ಕೊಳವೆಯಿಂದ ಒಂದು ಬೆರಳು ಕೀಲೆಣ್ಣೆ ತೆಗೆದು ಗಾಯಕ್ಕೆ ಮೆತ್ತಿದೆ. ಎತ್ತಿನ ಹೆಗಲು ಹುಣ್ಣಾದರೆ ಅದನ್ನೇ ಹಾಕುತ್ತಾರೆ, ಗಾಡಿಯವರು ತಮ್ಮ ಕಾಲು ಕೊಯ್ದುಕೊಂಡರೂ ಅದನ್ನೇ. ರಕ್ತ ನಿಂತಿತು. ಹುಡುಗ ಎದ್ದು ಆಡಿ ಗೆದ್ದ. ಎಂಟು ದಿನದ ಮೇಲೆ ಅವನ ದವಡೆ ಕಚ್ಚಿಕೊಂಡಿತು. ಪುಟ್ಟ ರೈಲಿನಲ್ಲಿ ಮಲಗಿಸಿ ಕೋಲಾರದ ಆಸ್ಪತ್ರೆಗೆ ತಂದರು. ಗಾಯಕ್ಕೆ ಏನು ಹಾಕಿದ್ದಿರಿ ಎಂದು ಡಾಕ್ಟರು ಕೇಳಿದಾಗ ಬಯ್ಯಣ್ಣ ಏನೂ ಇಲ್ಲ ಸ್ವಾಮಿ, ಮಣ್ಣು ಮೆತ್ತಿತ್ತು ಅಷ್ಟೇ ಎಂದರು. ಪಕ್ಕದಲ್ಲೇ ನಾನು ನಿಂತಿದ್ದೆ. ದನಕರು ಓಡಾಡುವ ಜಾಗದ ಕೊಳೆ ಗಾಯದೊಳಗೆ ಹೋದರೆ ಹೀಗೇ ಆಗುವುದು, ಇದು ಧನುರ್ವಾಯು ಎಂದು ಡಾಕ್ಟರು ಹೇಳಿದರು. ರಸ್ತೆಯ ಧೂಳು, ಸಗಣಿ ಎಲ್ಲ ಕೀಲೆಣ್ಣೆಯೊಳಗೇ ಇರುತ್ತದೆ ಎಂಬುದು ನನಗೆ ಆಗ ಹೊಳೆಯಿತು. ನಾನು ಬಾಯಿ ಬಿಡಲಿಲ್ಲ. ಮಾರನೆಯ ಮಧ್ಯಾಹ್ನ ಹುಡುಗ ಹೋದ. ಅಲ್ಲಿಂದೀಚೆ ಶ್ರೀನಿವಾಸಪುರದ ಒಂದು ಗಾಡಿಯೂ ನಮ್ಮ ಅಂಗಳಕ್ಕೆ ಬರಲಿಲ್ಲ.

ಈ ವರ್ಷದ ಪಂದ್ಯಕ್ಕೆ ಮಾಲೂರು, ಮುಳಬಾಗಿಲಿನ ಇಬ್ಬರು ವರ್ತಕರು ಹೇಳಿ ಕಳಿಸಿದ್ದು ಒಂದೇ ಮಾತು: ಬಯ್ಯಣ್ಣ ಒಪ್ಪಿ ಅವರೂರ ಹುಡುಗರು ಬಂದರೆ ನಾವೂ, ಇಲ್ಲದಿದ್ದರೆ ಇಲ್ಲ. ಮೊದಲು ಅವರಿಬ್ಬರನ್ನೂ ಕಂಡು ಮಾತು ಗಟ್ಟಿ ಮಾಡಿಕೊಂಡೇ ಬಯ್ಯಣ್ಣನವರ ಹತ್ತಿರ ಹೋಗೋಣ ಎಂದು ಹೊರಟೆವು.

ಕೋಲಾರದಿಂದ ಬೌರಿಂಗ್‌ಪೇಟೆಗೆ ಹತ್ತು ಹನ್ನೊಂದು ಮೈಲಿ, ಪುಟ್ಟ ರೈಲಿಗೆ ಮೂರಾಣೆ. ರೈಲು ಎಷ್ಟು ನಿಧಾನ ಎಂದರೆ ಏರಿನಲ್ಲಿ ಒಬ್ಬ ಇಳಿದು ಹೊಲದಲ್ಲಿ ಅವರೆಕಾಯಿ ಕಿತ್ತುಕೊಂಡು ಬಂದು ಅದೇ ಡಬ್ಬಿಗೆ ಹತ್ತಿದ. ಬೌರಿಂಗ್‌ಪೇಟೆಯಲ್ಲಿ ದೊಡ್ಡ ರೈಲಿಗೆ ಎರಡು ಗಂಟೆ ಕಾದೆವು. ಸಿಪಾಯಿಗಳ ಗಾಡಿಯೊಂದು ಮುಂದೆ ಹೋಗಬೇಕಿತ್ತಂತೆ. ಪ್ಲಾಟ್‌ಫಾರಮ್ಮಿನಲ್ಲಿ ಕೂತು ರೊಟ್ಟಿ ತಿಂದೆವು. ಕಾಫಿಗೆ ಸಕ್ಕರೆ ಇರಲಿಲ್ಲ, ಬೆಲ್ಲ ಹಾಕಿಕೊಟ್ಟ. ಹಾಲು ಒಡೆದು ಮೇಲೆ ತೇಲುತ್ತಿತ್ತು. ಮೇಷ್ಟ್ರು ಅದನ್ನೂ ಕುಡಿದು, ಯುದ್ಧಕ್ಕೆ ನಮ್ಮ ಕಾಣಿಕೆ ಎಂದು ಲೋಟ ಕೆಳಗಿಟ್ಟರು. ಟೇಕಲ್ಲಿನ ಬಂಡೆಗಳು ಬಲಗಡೆ ಹಾದುಹೋಗುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಮಾಲೂರಿನಲ್ಲಿ ನೋಡಬೇಕಾದವರು ರಜಾಕ್ ಸಾಹೇಬರು. ನಮ್ಮ ಹಣ್ಣನ್ನು ಸಗಟಾಗಿ ಕೊಂಡು ರೈಲಿನಲ್ಲಿ ಮದರಾಸಿಗೆ ಕಳಿಸುವವರು. ಸ್ಟೇಷನ್ನಿನ ಎದುರಿಗೇ ಅವರ ಉಗ್ರಾಣ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಮನೆಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದರು. ಪಂದ್ಯದ ಮಾತು ತೆಗೆದಾಗ ಗಡ್ಡ ನೀವಿಕೊಂಡರು. ಆಮೇಲೆ ಮೇಷ್ಟ್ರ ಎದುರಿಗೇ ಹೇಳಿದರು:

"ಶೆಟ್ಟರೇ, ಆವತ್ತು ಟವಲ್ ಕೆಳಗೆ ನಿಮ್ಮ ಕೈ ನನ್ನ ಕೈಯಲ್ಲಿತ್ತು. ಹುಡುಗ ಬಿದ್ದ ಅಂತ ಎದ್ದು ಹೋದ್ರಿ. ವಾಪಸ್ ಬಂದು ಬೆರಳು ಕೊಟ್ರಿ ನೋಡಿ, ಜಾರ್ತಿತ್ತು. ಮನೇಗೆ ಹೋಗಿ ಮೂಸಿದೆ. ಕೀಲೆಣ್ಣೆ."

ನಾನು ಚಹಾದ ಲೋಟ ಕೆಳಗಿಟ್ಟೆ.

"ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ," ಎಂದರು ಸಾಹೇಬರು. "ಅದು ನಿಮ್ಮ ಕೆಲಸ. ಬಯ್ಯಣ್ಣಂಗೆ ಹೇಳದೆ ಅವರೂರ ಹುಡುಗರನ್ನ ಕರೆದ್ರೆ ಮಾತ್ರ ನಾನು ಬರಲ್ಲ. ಬನಿಯನ್ನೂ ಕೊಡಲ್ಲ."

ಆ ರಾತ್ರಿ ಉಗ್ರಾಣದ ಜಗಲಿಯಲ್ಲೇ ಮಲಗಿದೆವು. ಮೇಷ್ಟ್ರು ಸದಾ ಮಾತಾಡುವ ಮನುಷ್ಯ. ಆವತ್ತು ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು.

ಎರಡನೆಯ ದಿನ ಬಂದ ದಾರಿಯಲ್ಲೇ ಕೋಲಾರಕ್ಕೆ ವಾಪಸು ಬಂದು, ಮನೆಗೆ ಹೋಗದೆ ನೇರ ಮುಳಬಾಗಿಲಿನ ಬಸ್ಸು ಹಿಡಿದೆವು. ಹದಿನೆಂಟು ಮೈಲಿ, ಎಂಟಾಣೆ. ಪೆಟ್ರೋಲು ಇಲ್ಲದೆ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿದ್ದರು. ಕ್ಲೀನರು ಅರ್ಧ ಗಂಟೆ ಅದರ ಚಕ್ರ ತಿರುಗಿಸಿ ಊದಿದ ಮೇಲೆ ಬಸ್ಸು ಕೆಮ್ಮಿ ಎದ್ದಿತು. ದಿಣ್ಣೆ ಬಂದಾಗಲೆಲ್ಲ ಗಂಡಸರು ಇಳಿದು ತಳ್ಳಬೇಕು. ಮೂರನೆಯ ದಿಣ್ಣೆಯಲ್ಲಿ ಇಬ್ಬರೂ ಭುಜ ಕೊಟ್ಟು ತಳ್ಳುತ್ತಿರುವಾಗ ಮೇಷ್ಟ್ರು ಬಾಯಿಬಿಟ್ಟರು.

"ಹೇಳ್ಬೇಡಿ ಶೆಟ್ರೇ."

ಬಸ್ಸು ಮುಂದಕ್ಕೆ ಹೋಗಿ ನಿಂತಿತು. ನಡೆದುಕೊಂಡು ಹೋಗುತ್ತ ಅವರು ತಮ್ಮ ಲೆಕ್ಕ ಬಿಡಿಸಿದರು. ಹುಡುಗ ಹೇಗೂ ವಾಪಸು ಬರುವುದಿಲ್ಲ. ಹೇಳಿದರೆ ನಾಲ್ಕೂ ಊರಿಗೆ ಗೊತ್ತಾಗುತ್ತದೆ, ಆಟ ಅಲ್ಲಿಗೇ ನಿಲ್ಲುತ್ತದೆ. ಸ್ಕೂಲಿನಲ್ಲಿ ಆಟಕ್ಕೆ ಅಂತ ಒಂದು ಕಾಸೂ ಬರುವುದಿಲ್ಲ, ವರ್ತಕರು ಕೈಬಿಟ್ಟರೆ ಮಕ್ಕಳು ಬರೀ ಕೈಕಾಲು ಆಡಿಸಿಕೊಂಡು ಡ್ರಿಲ್ ಮಾಡಬೇಕು. ಸಾಹೇಬರನ್ನು ಬೇಕಾದರೆ ಬಿಡೋಣ. "ಹನ್ನೆರಡು ವರ್ಷ ಸೀಟಿ ಊದಿದೀನಿ. ಅವತ್ತೂ ನಾನೇ ಊದಿದ್ದು. ಗಾಯ ನೋಡಿ ಆಟ ನಿಲ್ಲಿಸ್ಬೋದಿತ್ತು, ನಿಲ್ಲಿಸ್ಲಿಲ್ಲ. ನೀವು ಬಾಯಿಬಿಟ್ರೆ ನಂದೂ ಬರತ್ತೆ ಈಚೆಗೆ," ಎಂದರು. ಅದು ನಿಜ. ಅವರಿಗೆ ಮೂರು ಹೆಣ್ಣುಮಕ್ಕಳು, ಮಾಸ್ತರಿಕೆ ಬಿಟ್ಟರೆ ಬೇರೆ ಗತಿಯಿಲ್ಲ.

ಮುಳಬಾಗಿಲಿನಲ್ಲಿ ಎಣ್ಣೆಗಾಣದ ಮುನಿಶಾಮಪ್ಪನವರ ಮನೆ. ಎಪ್ಪತ್ತರ ಹತ್ತಿರದ ಮುದುಕ, ಯಾರಿಗೂ ಮುಲಾಜಿಲ್ಲ. ನಾವು ಹೋದಾಗ ಗಾಣದ ಎತ್ತಿಗೆ ಕಣ್ಣುಪಟ್ಟಿ ಕಟ್ಟುತ್ತಿದ್ದರು. ಕಟ್ಟುತ್ತಲೇ ನಮ್ಮ ಮಾತು ಕೇಳಿದರು.

"ಅಲ್ಲಯ್ಯಾ ಶೆಟ್ಟಿ, ಮಗನ್ನ ಕಳಕೊಂಡ ಮನೇಗೆ ಏನು ಕೇಳಕ್ಕೆ ಹೋಗ್ತಿದೀಯ? ಆಟಕ್ಕೆ ಮಕ್ಕಳನ್ನೋ, ಮಂಡಿಗೆ ಗಾಡೀನೋ?"

ಎರಡೂ ಎಂದೆ.

"ಹೂಂ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ್ದೇ ನೀನು," ಎಂದು ಎತ್ತಿನ ಬೆನ್ನು ತಟ್ಟಿದರು. "ನಾನೇನು ಕಮ್ಮಿ? ಪುರಿ ಕಡ್ಲೆ ಕೊಟ್ಟು ಹತ್ತು ಊರಿಗೆ ಎಣ್ಣೆ ಮಾರ್ದೆ. ನಡಿ, ಕೈಕಾಲು ತೊಳ್ಕೊ."

ಊಟಕ್ಕೆ ಮುದ್ದೆ, ಹುರುಳಿ ಸಾರು, ಸುಟ್ಟ ಈರುಳ್ಳಿ. ಊಟ ಮಾಡುವಾಗ ಮೇಷ್ಟ್ರು ಒಂದು ಸಲ, ನಾನು ಒಂದು ಸಲ ಪಂದ್ಯದ ಮಾತು ಎತ್ತಿದೆವು. ಮುದುಕರು ಮಳೆಯ ಮಾತು ಆಡಿದರು.

ಮೂರನೆಯ ದಿನ ಶ್ರೀನಿವಾಸಪುರಕ್ಕೆ ಬಸ್ಸು ಹೊರಡಲಿಲ್ಲ, ಇದ್ದಿಲು ಬಂದಿಲ್ಲವಂತೆ. ಒಂದೂವರೆ ರೂಪಾಯಿಗೆ ಎತ್ತಿನ ಗಾಡಿ ಗೊತ್ತುಮಾಡಿಕೊಂಡು ಕೋಳಿ ಕೂಗುವ ಹೊತ್ತಿಗೇ ಹೊರಟೆವು. ದಾರಿ ಪೂರ್ತಿ ಧೂಳು. ಅಲ್ಲಲ್ಲಿ ಹುಣಸೆಮರದ ಮೇಲೆ ಆಳು ಹತ್ತಿ ಕೋಲಿನಿಂದ ಬಡಿಯುತ್ತಿದ್ದರು, ಕೆಳಗೆ ಹೆಂಗಸರು ಆರಿಸುತ್ತಿದ್ದರು. ಫಸಲು ಚೆನ್ನಾಗಿತ್ತು. ಬೇರೆ ವರ್ಷವಾದರೆ ಇಳಿದು ಒಂದು ಹಣ್ಣು ಮುರಿದು ನೋಡುತ್ತಿದ್ದೆ. ಮಧ್ಯಾಹ್ನ ಒಂದು ಕೆರೆಯ ಏರಿಯ ಮೇಲೆ ಎತ್ತು ಬಿಚ್ಚಿದರು. ಗಾಡಿಯವನು ಅಚ್ಚಿಗೆ ಎಣ್ಣೆ ಬಿಡಲು ಕೊಳವೆ ತೆಗೆದಾಗ ಅದರೊಳಗೆ ಇಣುಕಿ ನೋಡಿದೆ. ಕಪ್ಪಗೆ, ಗಟ್ಟಿಯಾಗಿ, ಹುಲ್ಲಿನ ಎಸಳು, ಎತ್ತಿನ ಕೂದಲು ಸೇರಿಕೊಂಡಿತ್ತು. ಏನ್ ಸಾಮೀ ನೋಡ್ತೀರಿ ಎಂದು ಅವನು ನಕ್ಕ. ಶ್ರೀನಿವಾಸಪುರ ಹತ್ತಿರವಾದಂತೆ ಮಾವಿನ ತೋಪುಗಳು ಶುರುವಾದವು. ಹೂ ಬಿಟ್ಟಿತ್ತು, ಗಾಳಿಯಲ್ಲೆಲ್ಲ ಅದರ ಒಗರು ವಾಸನೆ.

ಬಯ್ಯಣ್ಣನವರ ಮನೆ ಊರಾಚೆ ತೋಪಿನ ಅಂಚಿನಲ್ಲಿ. ನಾವು ತಲುಪಿದಾಗ ಮೂರು ಗಂಟೆಯಿರಬಹುದು. ಅಂಗಳದಲ್ಲಿ ಅವರ ಹೆಂಡತಿ ಅಕ್ಕಾಯಮ್ಮ ಒಬ್ಬರೇ ಕೂತು ಕಲ್ಲಿನ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, ಒಳಗೆ ಕೂಗಿ ಗಂಡನಿಗೆ ತೆಲುಗಿನಲ್ಲಿ ಕೋಲಾರದವರು ಬಂದಿದ್ದಾರೆ ಎಂದು ಹೇಳಿದರು. ಬಯ್ಯಣ್ಣ ಈಚೆ ಬಂದರು. ಒಂದು ವರ್ಷದಲ್ಲಿ ಮನುಷ್ಯ ಅರ್ಧವಾಗಿದ್ದರು. ಚಾಪೆ ಹಾಸಿದರು, ನೀರು ಕೊಟ್ಟರು, ರಸ್ತೆ ಹೇಗಿತ್ತು ಎಂದು ಕೇಳಿದರು.

ಮೇಷ್ಟ್ರು ಪಂದ್ಯದ ವಿಷಯ ತೆಗೆದರು. ಚೆನ್ನಾಗಿಯೇ ಹೇಳಿದರು. ನಾಗರಾಜನ ಹೆಸರಿನಲ್ಲಿ ಒಂದು ಬೆಳ್ಳಿ ಲೋಟ ಇಡೋಣ, ಗೆದ್ದ ಊರಿಗೆ ಅದು ಪ್ರತಿ ವರ್ಷ ಹೋಗಲಿ ಎಂದರು. ಬಯ್ಯಣ್ಣ ನೆಲ ನೋಡುತ್ತ ಕೇಳಿಸಿಕೊಂಡರು. ಅಂಗಳದಲ್ಲಿ ಕುಟ್ಟುವ ಸದ್ದು ನಿಲ್ಲಲಿಲ್ಲ.

ಅವರು ಬಾಯಿಬಿಡುವ ಮೊದಲೇ ಹೇಳಬೇಕು ಅನ್ನಿಸಿತು. ಒಪ್ಪಿದ ಮೇಲೆ ಹೇಳಿದರೆ ಅದು ಮೋಸ, ಒಪ್ಪದಿದ್ದ ಮೇಲೆ ಹೇಳಿದರೆ ಬರೀ ಮಾತು. ಮೇಷ್ಟ್ರು ನನ್ನ ಮೊಣಕೈ ಹಿಡಿದರು. ಬಿಡಿಸಿಕೊಂಡೆ.

"ಬಯ್ಯಣ್ಣನೋರೇ, ಆವತ್ತು ಗಾಯಕ್ಕೆ ಬರೀ ಮಣ್ಣಲ್ಲ ಮೆತ್ತಿದ್ದು. ಕೀಲೆಣ್ಣೆ ಹಾಕಿದ್ದೆ. ನಾನೇ ಹಾಕಿದ್ದು, ಈ ಬೆರಳಲ್ಲಿ. ಆಸ್ಪತ್ರೆ ಅಲ್ಲೇ ಇತ್ತು, ವ್ಯಾಪಾರ ಕೆಡತ್ತೆ ಅಂತ ಕಳಿಸ್ಲಿಲ್ಲ. ಡಾಕ್ಟ್ರು ಕೇಳ್ದಾಗ್ಲೂ ಸುಮ್ನೆ ನಿಂತಿದ್ದೆ."

ಕುಟ್ಟುವ ಸದ್ದು ನಿಂತಿತು.

ಬಯ್ಯಣ್ಣ ತಲೆಯೆತ್ತಲಿಲ್ಲ. ಬಯ್ಯಲಿಲ್ಲ, ಎದ್ದು ಹೋಗಿ ಎನ್ನಲಿಲ್ಲ. "ಮನೇಲಾಗಿದ್ರೆ ನಾನೂ ಅದನ್ನೇ ಹಾಕ್ತಿದ್ದೆ," ಎಂದರು. ಆಮೇಲೆ, "ಆದ್ರೆ ಹೇಳ್ಬೇಕಿತ್ತು. ಡಾಕ್ಟ್ರ ಮುಂದೆ ಹೇಳ್ಬೇಕಿತ್ತು ಶೆಟ್ರೇ ನೀವು," ಎಂದರು.

ಅಷ್ಟರಲ್ಲಿ ಅಕ್ಕಾಯಮ್ಮ ಎದ್ದು ಬಂದು ಜಗಲಿಯ ಕಂಬ ಹಿಡಿದು ನಿಂತರು. ಕೈಯೆಲ್ಲ ಹುಣಸೆ ಅಂಟಿತ್ತು. ನನ್ನನ್ನು ನೋಡಲಿಲ್ಲ, ಗಂಡನಿಗೂ ಹೇಳಲಿಲ್ಲ. ಎದುರಿನ ಗೋಡೆಗೆ ಹೇಳಿದ ಹಾಗೆ ಹೇಳಿದರು:

"ಗಾಡಿ ಇಳ್ದು ಬಂದ ಸಾಯಂಕಾಲ ನಾನೇ ತೊಳ್ದೆ. ಕಪ್ಪಗೆ ಏನೋ ಅಂಟಿತ್ತು, ಬಿಡ್ಲಿಲ್ಲ. ಸೀಗೇಪುಡಿ ಹಾಕಿ, ತೆಂಗಿನ ನಾರಲ್ಲಿ ಉಜ್ದೆ. ಅಮ್ಮಾ ಉರಿ ಅಂತ ಅತ್ತ. ಕೂತ್ಕೊಳ್ಳೋ ಗಂಡ್ಸು ಅಂತ ಬೈದು ಇನ್ನೂ ಉಜ್ದೆ. ಗಾಯ ಬಾಯಿಬಿಡ್ತು. ನನ್ನ ಕೈಯಿಂದಲೇ ಹೋದ ಅಂತ ಅಂದ್ಕೊಂಡಿದ್ದೆ ಒಂದು ವರ್ಷ. ಇವ್ರಿಗೂ ಹೇಳಿರ್ಲಿಲ್ಲ."

ಬಯ್ಯಣ್ಣ ಆಗ ತಲೆಯೆತ್ತಿ ಹೆಂಡತಿಯನ್ನು ನೋಡಿದರು. ತೆಲುಗಿನಲ್ಲಿ ಏನೋ ಕೇಳಿದರು, ನನಗೆ ಕೇಳಿಸಲಿಲ್ಲ. ಆಕೆ ಹೌದೆಂದು ತಲೆಯಾಡಿಸಿ ಅಲ್ಲೇ ಕೂತುಬಿಟ್ಟರು. ಅಳಲಿಲ್ಲ. ಅಂಗೈಯ ಜಿಗಟನ್ನು ಉಗುರಿನಿಂದ ಕೆರೆದು ಕೆರೆದು ತೆಗೆಯುತ್ತಿದ್ದರು. ಮೇಷ್ಟ್ರು ಟವಲಿನಲ್ಲಿ ಮುಖ ಮುಚ್ಚಿಕೊಂಡು, ಆಟ ನಿಲ್ಲಿಸದೆ ಇದ್ದದ್ದು ತಾನು ಎಂದು ಅದರೊಳಗಿನಿಂದಲೇ ಹೇಳಿದರು.

ನಾವು ಹೊರಡುತ್ತೇವೆ ಎಂದು ಎದ್ದೆವು. ಕೋಲಾರಕ್ಕೆ ಪುಟ್ಟ ರೈಲು ಇನ್ನು ಬೆಳಿಗ್ಗೆಯೇ, ಸ್ಟೇಷನ್ನಿನಲ್ಲಿ ಮಲಗುತ್ತೇವೆ ಎಂದೆ. ಬಯ್ಯಣ್ಣ ಬೇಡ ಎಂದರು. ನಮ್ಮನ್ನು ತೋಪಿನೊಳಗೆ ಕರೆದುಕೊಂಡು ಹೋದರು. ಒಂದೊಂದು ಮರದ ಬುಡದಲ್ಲಿ ನಿಂತು ಹೂ ನೋಡುತ್ತಿದ್ದರು, ಜಿಗಿಹುಳು ಬಿದ್ದಿದೆಯೋ ಎಂದು ಎಲೆ ಮಗುಚುತ್ತಿದ್ದರು. ತೋಪಿನ ಕೊನೆಯ ಬೇಲಿಯ ಹತ್ತಿರ ತಿರುಗಿ ನಿಂತು ತಮ್ಮ ತೀರ್ಮಾನ ಹೇಳಿದರು.

"ಹುಡುಗ್ರು ಬರ್ತಾರೆ. ಹೆಡ್ ಮೇಷ್ಟ್ರಿಗೆ ನಾನೇ ಹೇಳ್ತೀನಿ. ನಿಮ್ಮ ಅಂಗಳಕ್ಕಲ್ಲ, ಸ್ಕೂಲು ಮೈದಾನಕ್ಕೆ. ಅಲ್ಲಿ ಗಾಡಿ ನಿಲ್ಲಿಸಕೂಡ್ದು, ಟವಲ್ ಹಾಸಕೂಡ್ದು. ಗಾಯ ಆದ್ರೆ ಆಸ್ಪತ್ರೆಗೆ ಎತ್ಕೊಂಡ್ ಹೋಗೋರು ಒಬ್ರು ನಿಂತಿರ್ಬೇಕು."

ಆಗಲಿ ಎಂದೆ.

"ನನ್ನ ಹಣ್ಣು ಮಾತ್ರ ನಿಮ್ಮ ಮಂಡಿಗೆ ಬರಲ್ಲ. ದ್ವೇಷ ಅಲ್ಲ. ಆ ಅಂಗಳಕ್ಕೆ ಎತ್ತು ತಿರುಗ್ಸಕ್ಕೆ ನನ್ನ ಕೈಲಾಗಲ್ಲ. ಸುತ್ತಿನ ಹಳ್ಳಿಯೋರೆಲ್ಲ ನನ್ನ ಹಿಂದೆ ಬರೋ ಜನ, ಅವ್ರೂ ಬರಲ್ಲ."

ಅದಕ್ಕೂ ಆಗಲಿ ಎಂದೆ. ಬೇರೆ ಏನು ಹೇಳುವುದು? ಶ್ರೀನಿವಾಸಪುರದ ಕಡೆಯ ಹಣ್ಣಿಲ್ಲದೆ ನಮ್ಮ ಮಂಡಿ ಎಷ್ಟು ದಿನ ನಡೆಯುತ್ತದೆ ಎನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮೇಷ್ಟ್ರು ತಮ್ಮ ಆಟ ಉಳಿಯಿತೆಂದು ಸಂತೋಷ ಪಡಲಾರದೆ, ನನ್ನ ಮುಖ ನೋಡಲಾರದೆ, ಬೇಲಿಯ ಮುಳ್ಳನ್ನು ಮುರಿಯುತ್ತ ನಿಂತಿದ್ದರು.

ತೋಪಿನಿಂದ ಅವರ ಮನೆಗೆ ವಾಪಸು ಬರುವಾಗ ದೀಪ ಹಚ್ಚುವ ಹೊತ್ತು. ಸೀಮೆಎಣ್ಣೆ ಇರಲಿಲ್ಲ, ಹೊಂಗೆಎಣ್ಣೆಯ ಹಣತೆ ಇಟ್ಟಿದ್ದರು. ಅಕ್ಕಾಯಮ್ಮ ಅಡಿಗೆ ಮುಗಿಸಿ ಎಲೆ ಹಾಕಿದರು. ರಾಗಿ ಮುದ್ದೆ, ಹಿತಕಿದವರೆ ಸಾರು, ಒಂದೊಂದು ಹಿಡಿ ಅನ್ನ, ಮಜ್ಜಿಗೆ. ಮೇಷ್ಟ್ರಿಗೆ ಮುದ್ದೆ ಇಳಿಯಲಿಲ್ಲ. ನನ್ನ ಎಲೆಗೆ ಎರಡನೆಯ ಸಲ ಸಾರು ಬಡಿಸುವಾಗ ಆಕೆ "ತಿನಂಡಿ" ಎಂದರು. ತಿಂದೆ. ಗಂಡಸರು ಕೈತೊಳೆದ ಮೇಲೆ ಆಕೆಯೂ ಒಲೆಯ ಪಕ್ಕ ಕೂತು ಅರ್ಧ ಮುದ್ದೆ ತಿಂದರು. ನಾವು ಮೂವರು ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದೆವು. ಪಾತ್ರೆಯ ಸದ್ದು ಕೇಳಿಸದೆ ಬಯ್ಯಣ್ಣ ಒಳಗೆ ಇಣುಕಿ ನೋಡಿ ವಾಪಸು ಬಂದರು. ಪಾತ್ರೆ ತೊಳೆಯದೆ, ಚಾಪೆಯೂ ಹಾಸದೆ, ಒಲೆಯ ಮುಂದೆ ಬರೀ ನೆಲದ ಮೇಲೆ ಆಕೆ ಮಲಗಿಬಿಟ್ಟಿದ್ದರು. ಮಗ ಹೋದಾಗಿನಿಂದ ನನಗಿಂತ ಮೊದಲು ಇವಳು ನಿದ್ದೆ ಹೋದದ್ದನ್ನು ಕಂಡಿಲ್ಲ ಎಂದು ಬಯ್ಯಣ್ಣ ದನಿ ತಗ್ಗಿಸಿ ಹೇಳಿ, ಒಂದು ಕಂಬಳಿ ತೆಗೆದುಕೊಂಡು ಒಳಗೆ ಹೋದರು.